ಅರವತ್ತೆರಡು ಕಿಲೋ

ಬೆಳಗ್ಗೆ ಒಲೆ ಹಚ್ಚುವುದಕ್ಕೂ ಮೊದಲು ಚನ್ನಾಜಮ್ಮ ಗಂಡನ ಎಡಗೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಲಕ್ವ ಹೊಡೆದು ಆ ಕೈ ಬಿದ್ದುಹೋಗಿ ಎರಡು ವರ್ಷವಾಗಿತ್ತು. ಅದರ ಮೇಲೆ ಇಷ್ಟಲಿಂಗ ನಿಲ್ಲುತ್ತಿರಲಿಲ್ಲ. ಕೆಳಗಿನಿಂದ ಇವಳ ಕೈಯೇ ಆಸರೆ. ಶಿವಮಲ್ಲಪ್ಪ ಬಲಗೈಯಲ್ಲಿ ವಿಭೂತಿ ಹಚ್ಚಿ, ಪತ್ರೆ ಏರಿಸಿ ಕಣ್ಣು ಮುಚ್ಚುತ್ತಿದ್ದ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಅವನು ಒಂದು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ.

ಕಷ್ಟವಿದ್ದದ್ದು ಆ ಸ್ನಾನದಲ್ಲಿ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲ ಕಲ್ಲಿಗೆ ಅವನನ್ನು ಎತ್ತಿ ಕೂರಿಸಬೇಕು. ಹುಲ್ಲಹಳ್ಳಿಯ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಮೂಟೆ ತೂಗಿದ ಮನುಷ್ಯ ಅವನು. ಮೂಟೆಯ ಕಿವಿ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು, ಇಷ್ಟೇ ತೂಕ ಎಂದು ಹೇಳಿಬಿಡುತ್ತಿದ್ದ. ಈಗ ಪಕ್ಕದ ಮನೆಯ ಗಂಡಸರನ್ನು ಕರೆಯುತ್ತೇನೆಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ.

ಶ್ರಾವಣದ ಒಂದು ಸೋಮವಾರ ಬಚ್ಚಲಲ್ಲಿ ಅವಳ ಹಿಡಿತ ಜಾರಿತು. ಹಾಲು ಹಾಕುವ ಚಲುವಮ್ಮ ಬಂದು ಬಾಗಿಲು ಬಡಿಯುವವರೆಗೆ ಅವನು ಒದ್ದೆ ನೆಲದ ಮೇಲೆ ಬಿದ್ದಿದ್ದ, ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂದು ಪೂಜೆಯಾದಾಗ ಮಧ್ಯಾಹ್ನ ದಾಟಿತ್ತು. ಸುದ್ದಿ ಕೇಳಿ ಮಗಳು ಅರ್ಪಿತ ಬನ್ನೂರಿನಿಂದ ಓಡಿ ಬಂದಳು, ಅಪ್ಪನ ಮೊಣಕೈಯ ಗಾಯ ನೋಡಿ ಅತ್ತಳು. ಮೈಸೂರಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಜಾಗವಿದೆ, ಅಲ್ಲಿಗೆ ಸೇರಿಸೋಣ ಎಂದಳು. ದಿನಾ ಪೂಜೆಯ ಹೊತ್ತಿಗೆ ಅಲ್ಲಿ ಅವನ ಕೈ ಹಿಡಿಯುವವರು ಯಾರು ಎಂದು ಚನ್ನಾಜಮ್ಮ ಕೇಳಿದಳು. ಕೊನೆಗೆ ಅರ್ಪಿತ, ದೀಪಾವಳಿಯವರೆಗೆ ಕಾಯುತ್ತೇನೆ, ಅಷ್ಟರೊಳಗೆ ನೀನೊಬ್ಬಳೇ ಬೀಳಿಸದಂತೆ ಎತ್ತುವುದಾದರೆ ಸರಿ, ಇಲ್ಲದಿದ್ದರೆ ಸೇರಿಸುವುದೇ ಎಂದು ಹೇಳಿ ಹೋದಳು.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿ, ನೀವು ಸೊಂಟದಲ್ಲಿ ಎತ್ತುತ್ತೀರಿ, ತೊಡೆಯಲ್ಲಿ ಎತ್ತಬೇಕು, ಜಿಮ್ಮಿನಲ್ಲಿ ಕಲಿಸುತ್ತಾರೆ ಎಂದಿದ್ದಳು. ಗಂಡನ ಹತ್ತಿರ ಚಲುವಮ್ಮನನ್ನು ಒಂದು ಗಂಟೆ ಕೂರಿಸಿ, ಐವತ್ಮೂರರ ಚನ್ನಾಜಮ್ಮ ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ ಬೇಕರಿಯ ಮಹಡಿಯಲ್ಲಿದ್ದ ಜಿಮ್ಮಿನ ಮೆಟ್ಟಿಲು ಹತ್ತಿದಳು. ಕಲಿಸುವ ಕುಮಾರ ಅವಳನ್ನು ಕಂಡು ಎದ್ದು ನಿಂತ.

"ತೂಕ ಇಳಿಸ್ಬೇಕಾ ಅಮ್ಮ?"

"ಇಳ್ಸಾಕಲ್ಲ ಕಣಪ್ಪ, ಎತ್ತಾಕೆ. ನಮ್ಮ ಯಜಮಾನ್ರು ಅರವತ್ತೆರಡು ಕಿಲೋ."

ಕುಮಾರ ನಗಲಿಲ್ಲ. ಪ್ಲೇಟು ಹಾಕದ ಬರಿಯ ರಾಡೇ ಇಪ್ಪತ್ತು ಕಿಲೋ ಎಂದು ಹೇಳಿ ಅದನ್ನು ಅವಳ ಮುಂದಿಟ್ಟ. ಚನ್ನಾಜಮ್ಮ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ರಾಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಗ್ಗಿದಾಗ ಕೊರಳಿನ ಲಿಂಗದ ಕರಡಿಗೆ ಜೋತಾಡಿ ರಾಡಿಗೆ ತಗುಲಿತು. ಅದನ್ನು ತೆಗೆದಿಡಿ ಎಂದು ಕುಮಾರ ಹೇಳಿದರೆ, ಅದು ತೆಗೆಯುವಂಥದ್ದಲ್ಲ ಎಂದು ರವಿಕೆಯೊಳಗೆ ಸೇರಿಸಿಕೊಂಡಳು. ಟ್ರೆಡ್‌ಮಿಲ್ ಮೇಲಿದ್ದ ಹೆಂಗಸೊಬ್ಬಳು, ಅಜ್ಜಿ ಒಲಿಂಪಿಕ್ಸ್‌ಗೆ ಹೊರಟವ್ರೆ ಎಂದು ಛೇಡಿಸಿದಳು.

"ಊಂ ಕಣವ್ವ. ನಮ್ಮನೆ ಬಚ್ಚಲಲ್ಲೇ ಐತೆ ಒಲಿಂಪಿಕ್ಸು."

ಬೆನ್ನು ಗೂನಾಗಬಾರದು, ರಾಡು ಕಾಲಿಗೆ ಸವರಿಕೊಂಡೇ ಮೇಲೆ ಬರಬೇಕು, ಉಸಿರು ತುಂಬಿಕೊಂಡು ಪಾದದಿಂದ ನೆಲವನ್ನು ಒತ್ತಬೇಕು. ವಾರಕ್ಕೆ ಮೂರು ದಿನ ಅವಳು ಇಷ್ಟನ್ನೇ ಮಾಡಿದಳು. ಗೌರಿ ಹಬ್ಬಕ್ಕೆ ಮೂವತ್ತಾಯಿತು, ಮಹಾಲಯಕ್ಕೆ ನಲವತ್ತು, ದಸರೆ ಕಳೆಯುವಾಗ ಐವತ್ತು. ಬಂದ ಕೂಡಲೇ ಅಂದಿನ ಲೆಕ್ಕ ಗಂಡನಿಗೆ ಒಪ್ಪಿಸುತ್ತಿದ್ದಳು, ಅವನು ತಲೆದೂಗುತ್ತಿದ್ದ. ಮನೆಯಲ್ಲೂ ಕೆಲಸ ದಿನೇ ದಿನೇ ಸಲೀಸಾಯಿತು. ಶಿವ ಬಲ ಕೊಟ್ಟನೆಂದು ಅವಳು ಪೂಜೆಗೆ ಪತ್ರೆ ಹೆಚ್ಚು ತರತೊಡಗಿದಳು.

ಒಂದು ಬೆಳಗ್ಗೆ ಅವನನ್ನು ಒಂದೇ ಏಟಿಗೆ ಎತ್ತಿ ಕುರ್ಚಿಯಲ್ಲಿ ಕೂರಿಸಿ, ನೋಡಿದಿರಾ, ಹೂವಿನ ಹಾಗೆ ಬಂದಿರಿ ಎಂದಳು. ಶಿವಮಲ್ಲಪ್ಪ ತೊದಲುವ ನಾಲಿಗೆಯನ್ನು ಸರಿಮಾಡಿಕೊಂಡು ನಿಧಾನವಾಗಿ ಹೇಳಿದ.

"ಬಲ ಬಂದದೆ ಚನ್ನಾಜಿ, ಇಲ್ಲ ಅನ್ನಲ್ಲ. ಆದ್ರೆ ನಾನೀಗ ನಲವತ್ತಾರೇಯ."

ಅವಳು ಅವನ ರಟ್ಟೆ ಹಿಡಿದು ನೋಡಿದಳು. ದಿನವೂ ಹಿಡಿಯುತ್ತಿದ್ದ ರಟ್ಟೆಯೇ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯುತ್ತಿದ್ದದ್ದು ಅವಳಿಗೆ ಕಂಡಿತ್ತು. ಹಸಿವಿಲ್ಲ ಎಂದಿದ್ದ, ಜಿಮ್ಮಿಗೆ ಹೊತ್ತಾಯಿತೆಂದು ತೆಗೆದಿಟ್ಟಿದ್ದಳು. ಮೈಸೂರಿಗೆ ಕರೆದೊಯ್ದು ತೋರಿಸಿದಾಗ ಡಾಕ್ಟರು ಅನ್ನನಾಳದಲ್ಲಿ ಗಡ್ಡೆಯಿದೆ, ಕೈಮೀರಿದೆ ಎಂದರು. ಗಂಟಲಲ್ಲಿ ಇಳಿಯುತ್ತಿಲ್ಲವೆಂದು ಎರಡು ತಿಂಗಳಿಂದ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದ್ದಕ್ಕೆ, ನೀನು ಜಿಮ್ಮಿನಿಂದ ಅಷ್ಟು ಗೆಲುವಾಗಿ ಬರುತ್ತಿದ್ದೆ ಎಂದ.

ದೀಪಾವಳಿಯ ಹಿಂದಿನ ದಿನ ಅವಳು ಮತ್ತೆ ಜಿಮ್ಮಿಗೆ ಹೋಗಿ ಅರವತ್ತೆರಡು ಹಾಕೆಂದಳು. ಅಲ್ಲಿದ್ದ ಪ್ಲೇಟುಗಳಲ್ಲಿ ಲೆಕ್ಕ ಸರಿಯಾಗಿ ಕೂಡದೆ ಅರ್ಧ ಕಿಲೋ ಹೆಚ್ಚೇ ಆಯಿತು. ಎತ್ತಿದಳು. ಟ್ರೆಡ್‌ಮಿಲ್ಲಿನ ಹೆಂಗಸರು ಇಳಿದು ಬಂದು ಚಪ್ಪಾಳೆ ತಟ್ಟಿದರು. ಚನ್ನಾಜಮ್ಮ ರಾಡನ್ನು ನೆಲಕ್ಕಿಟ್ಟ ಮೇಲೂ ಕೈ ಬಿಡದೆ ಬಹಳ ಹೊತ್ತು ಬಗ್ಗಿಯೇ ಇದ್ದಳು. ಹಬ್ಬಕ್ಕೆ ಬಂದ ಅರ್ಪಿತ ಸೇರಿಸುವ ಮಾತೆತ್ತಲಿಲ್ಲ.

ಕಾರ್ತಿಕ ಮುಗಿಯುವ ಮೊದಲೇ ಒಂದು ಮುಂಜಾನೆ ಶಿವಮಲ್ಲಪ್ಪನ ಉಸಿರು ನಿಂತಿತು. ಅವರಲ್ಲಿ ಸತ್ತವರನ್ನು ಮಲಗಿಸಿ ಸಾಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಸ್ನಾನ ಮಾಡಿಸಿ, ಕಾಲು ಮಡಿಸಿ, ಪೂಜೆಗೆ ಕೂತಂತೆ ಗೋಡೆಗೆ ಒರಗಿಸಿ ಕೂರಿಸಬೇಕು. ನೀರು ಕಾದಿತ್ತು. ಸುದ್ದಿ ತಿಳಿದು ಜಿಮ್ಮಿನ ಇಬ್ಬರನ್ನು ಕರೆದುಕೊಂಡು ಬಂದ ಕುಮಾರ ಮಂಚದ ಹತ್ತಿರ ಬಂದು ಅವಳ ಭುಜ ಮುಟ್ಟಿದ.

"ನೀವು ಸರೀರಿ ಅಮ್ಮ. ಮೂರು ಜನ ಇದೀವಿ, ನಾವು ಎತ್ತಿ ಕೂರಿಸ್ತೀವಿ."

ಚನ್ನಾಜಮ್ಮ ಪಾದ ಅಗಲಿಸಿ ನಿಂತು, ಗಂಡನ ಕಂಕುಳ ಕೆಳಗೆ ಎರಡೂ ಕೈ ತೂರಿಸಿದಳು.

"ಬ್ಯಾಡ ಕಣಪ್ಪ. ನೀವು ಆಚೆಗಿರಿ. ನಾನೇ ಎತ್ತೀನಿ."