ಔಷಧಿ ಹೊಡೆಯದ ನಾಲ್ಕು ಸಾಲು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಕಪ್ಪು ಹಸಿರು. ಟೊಮೆಟೊ ಗಿಡದ ಕುಡಿ ಚಿವುಟಿ ಚಿವುಟಿ ಹತ್ತಿದ ಕರೆ ಅದು. ಸೋಪಿಗೂ ಹೋಗದು, ಹುಣಸೆಹಣ್ಣಿಗೂ ಹೋಗದು. ಅದೇ ಬೆರಳುಗಳಲ್ಲಿ ಕಾಫಿ ಲೋಟ ಹಿಡಿದು ನನ್ನತ್ತ ಚಾಚುತ್ತ, "ಕೈ ನೋಡಿ ಹೆದರ್ಕಬೇಡಮ್ಮ, ಇದು ಗಿಡದ್ದು, ಔಷಧೀದಲ್ಲ" ಎನ್ನುತ್ತಿದ್ದರು. ಕೈವಾರದ ಹತ್ತಿರ ಅವರ ಹೊಲ. ಅದರಲ್ಲಿ ಹತ್ತು ಗುಂಟೆಯನ್ನು ನಮ್ಮ ಪರೀಕ್ಷೆಗೆ ಬಿಟ್ಟುಕೊಟ್ಟಿದ್ದರು. ಪ್ರಯೋಗಾಲಯದಲ್ಲಿ ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಯಜಮಾನರು ಎಂದೇ.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ಬೆಳೆಗೆ ಔಷಧಿ ಹೊಡೆದು, ಅದೇ ದಿನ, ಮೂರನೆಯ ದಿನ, ಐದನೆಯ ದಿನ ಹೀಗೆ ಹಣ್ಣು ಕಿತ್ತು, ಅದರಲ್ಲಿ ವಿಷ ಎಷ್ಟು ಉಳಿದಿದೆ ಎಂದು ಅಳೆಯುವುದು. ಹಲವು ಊರುಗಳ ಇಂಥ ಅಂಕಿಗಳನ್ನು ನೋಡಿದ ಮೇಲೆಯೇ ತಿನ್ನುವ ಹಣ್ಣಿನಲ್ಲಿ ಎಷ್ಟರ ತನಕ ಇರಬಹುದೆಂಬ ಮಿತಿ ನಿಗದಿಯಾಗುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲೇ ನಾಲ್ಕು ಸಾಲು ಒಂದು ಹನಿ ಔಷಧಿಯೂ ಸೋಕದಂತೆ ಇರಬೇಕು. ಇದನ್ನು ಯಜಮಾನರಿಗೆ ಮೂರು ಸಲ ಹೇಳಿದ್ದೆ. ಮೂರು ಸಲವೂ ತಲೆಯಾಡಿಸಿದ್ದರು.

ಹಣ್ಣು ಕೀಳುವ ದಿನ ಹೋದರೆ ಮನುಷ್ಯ ಜಗಲಿಯಿಂದ ಏಳಲಿಲ್ಲ. ಕಾಫಿಯೂ ಬರಲಿಲ್ಲ. ಮನಸ್ಸು ಕಲಕಿದರೆ ಅವರ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು.

"ತಪ್ಪೈಪೋಯಿಂದಮ್ಮಾ, ತಪ್ಪಾಗೋಯ್ತು" ಎಂದರು. "ಆ ನಾಲ್ಕು ಸಾಲಿಗೂ ಹೊಡ್ದುಬಿಟ್ಟೆ. ಹುಳ ಬಿದ್ದು ಕಾಯೆಲ್ಲ ತೂತು ಮಾಡ್ತಿತ್ತು. ಕಣ್ಣೆದುರಿಗೇ ತಿಂತಾ ಇದ್ರೆ ಸುಮ್ನೆ ಹೆಂಗಮ್ಮ ಕೂತ್ಕಳ್ಳೋದು?"

ಹುಟ್ಟಿದಾಗಿನಿಂದ ಬೆಳೆ ಕಾಯುತ್ತ ಬಂದವರು, ಪಾಪ. ಆದರೆ ನನಗೆ ಆಗ ಬಂದದ್ದು ಸಿಟ್ಟು. ವರದಿ ಕೊಡುವ ದಿನ ಕುತ್ತಿಗೆಗೆ ಬಂದಿತ್ತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುವುದು ಸುಳ್ಳಲ್ಲ. "ಹೋಗ್ಲಿ ಬಿಡಿ ಯಜಮಾನ್ರೆ, ಔಷಧಿ ಹೊಡೀದಿರೋ ಹಣ್ಣು ಅಂಬಾಜಿದುರ್ಗದ ಕಡೆ ಯಾರ ಹಿತ್ತಲಲ್ಲಾದ್ರೂ ಸಿಗತ್ತೆ. ಅದನ್ನೇ ಈ ಸಾಲಿಂದು ಅಂತ ಬರ್ಕೊಂಡ್ರಾಯ್ತು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ನಾನ್ಯಾಕಮ್ಮ ನಿಮಗೆ ಹೇಳ್ದೆ? ಬಾಯಿ ಮುಚ್ಕೊಂಡಿದ್ರೂ ಆಗ್ತಿತ್ತಲ್ಲ?"

ನಾಚಿಕೆಯಾಗಿ, ಹಣ್ಣು ತುಂಬಲು ತಂದಿದ್ದ ಚೀಲಗಳನ್ನು ಮಡಚತೊಡಗಿದೆ. ಅಷ್ಟರಲ್ಲಿ ಅವರೇ ಎದ್ದು ಪಂಚೆ ಕೊಡವಿದರು. "ಇನ್ನೊಂದು ಬೆಳೆ ಇಡಣ. ಈ ಸಲ ಏನಾದ್ರೂ ಸರಿ, ಆ ಸಾಲು ಮುಟ್ಟಲ್ಲ."

ಆ ಬೆಳೆಯ ಲೆಕ್ಕ ಹಾಳಾಯಿತೆಂದು ಮೇಲಿನವರಿಗೆ ಬರೆದು ನಾನು ಚೆನ್ನಾಗಿ ಬೈಸಿಕೊಂಡೆ. ಅವರು ಹೊಸ ಸಸಿ ನೆಟ್ಟರು. ಹುಳ ಮತ್ತೆ ಬಂತು, ನಾಲ್ಕು ಸಾಲನ್ನೂ ಮುಕ್ಕಿತು. ಚಿಂತಾಮಣಿ ಮಾರ್ಕೆಟ್ಟಿಗೆ ಹೋಗುವವರು ಗಾಡಿ ನಿಲ್ಲಿಸಿ, "ಏನ್ ಯಜಮಾನ್ರೆ, ಹುಳಕ್ಕೆ ಅನ್ನದಾನಾನಾ?" ಎಂದು ಕಿಚಾಯಿಸುತ್ತಿದ್ದರು. "ಹೂಂ ಕಣಪ್ಪ, ನೀನೂ ಊಟಕ್ಕೆ ಬಾ" ಎಂದು ಇವರು ಮಿಕ್ಕ ಹೊಲದಲ್ಲಿ ಬದನೆಕಾಯಿ ಬಿಡಿಸುತ್ತಿದ್ದರು. ತೂತು ಬೀಳದೆ ಉಳಿದ ಹಣ್ಣುಗಳನ್ನು ಹುಡುಕಿ ಹುಡುಕಿ ಕಿತ್ತೆವು. ಅಂಕಿಗಳು ಅಪ್ಪಟವಾಗಿ ಬಂದವು. ಬೇರೆ ಊರುಗಳ ಅಂಕಿಗಳ ಜೊತೆ ಸೇರಿ ಅವುಗಳ ಮೇಲೇ ಮಿತಿ ನಿಂತಿತು. ಅಚ್ಚಾದ ಪಟ್ಟಿಯಲ್ಲಿ ಅದು ಒಂದೇ ಒಂದು ಗೆರೆ; ಹೊಲದ ಹೆಸರಿಲ್ಲ, ಯಜಮಾನರದಂತೂ ಇಲ್ಲವೇ ಇಲ್ಲ. ಅಂದಿನಿಂದ ನಾನು ಅನುಮಾನ ಬಂದ ಒಂದು ಅಂಕಿಯನ್ನೂ ಒಳಗೆ ಬಿಟ್ಟಿಲ್ಲ. ಬೈಗುಳ ತಿನ್ನುವುದು ಈಗ ಅಭ್ಯಾಸವಾಗಿದೆ.

ಹೋದ ವರ್ಷ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಅದೇ ಲೋಟದಲ್ಲಿ ಕಾಫಿ ಕೊಟ್ಟು ಪಕ್ಕದಲ್ಲಿ ಕೂತರು.

"ಆ ಎರಡನೇ ಬೆಳೇಲಿ ಔಷಧಿ ಪಂಪು ತಂದು ಕೋಣೇಲಿಟ್ಟು ಬೀಗ ಹಾಕ್ಸಿದ್ರು. ಬೀಗದ ಕೈ ನಿನ್ನ ಸೆರಗಲ್ಲೇ ಇರ್ಲಿ, ನಾನು ಕೇಳಿದ್ರೂ ಕೊಡಬೇಡ ಅಂದ್ರು. ಮಿಕ್ಕ ಹೊಲಕ್ಕೆ ಹೊಡೆಯೋವಾಗ ನಾನೇ ಬೀಗ ತೆಗ್ದು ಹಿಂದೆ ನಿಂತಿರ್ತಿದ್ದೆ."

"ಕೇಳಿದ್ರಾ?"

"ಎರಡು ಸಲ ಕೇಳಿದ್ರು, ಕೊಡ್ಲಿಲ್ಲ. ಮೂರನೇ ಸಲ ಕೋಣೆ ಬಾಗಿಲ ತಂಕ ಬಂದು, ಕರೆ ಹತ್ತಿದ ತಮ್ಮ ಕೈ ತಾವೇ ನೋಡ್ಕಂಡು ವಾಪಸ್ ಹೋದ್ರಮ್ಮ."