ಗೆರೆ ಸಾಕೆಂದಿದ್ದರು ಬಳೆ ಅತ್ತೆ

ಆಗಸ್ಟ್ ೧೭, ಭಾನುವಾರ. ಬೆಳಿಗ್ಗೆ ಏಳೂ ಹತ್ತಕ್ಕೆ ಈ ಪತ್ರಿಕೆಗೆಂದು ಬರೆಯಲು ಕೂತೆ.

ಸಾಗರದಲ್ಲಿ ಹೊಸದಾಗಿ ಹಿಡಿದ ಬಾಡಿಗೆ ಕೋಣೆಯ ಕನ್ನಡಿಯನ್ನು ನಿನ್ನೆ ಸಂಜೆ ಒರೆಸುತ್ತಿದ್ದೆ. ಹಿಂದೆ ಇದ್ದವರು ಯಾರೋ ಮಲಗುವ ಮುಂಚೆ ಹಣೆಯ ಸ್ಟಿಕ್ಕರ್ ಕಿತ್ತು ಕನ್ನಡಿಯ ಅಂಚಿಗೆ ಅಂಟಿಸುತ್ತಿದ್ದರೆಂದು ಕಾಣುತ್ತದೆ. ಎಣಿಸಿದೆ, ಹನ್ನೊಂದು. ಉಗುರಿನಿಂದ ಕೆರೆದರೆ ಮೇಲಿನ ಬಟ್ಟೆ ಬಂತು, ಅಂಟು ಬರಲಿಲ್ಲ. ತೆಂಗಿನೆಣ್ಣೆ ಹಚ್ಚಿ ತಿಕ್ಕಿದೆ. ಎಣ್ಣೆಯಲ್ಲಿ ಅಂಟು ಕರಗುವಾಗ ಒಂದು ವಾಸನೆ ಎದ್ದಿತು. ಹಳೇ ರಬ್ಬರಿನದೂ ಅಲ್ಲ, ಸೀಮೆಎಣ್ಣೆಯದೂ ಅಲ್ಲ, ಎರಡರ ನಡುವಿನದು... ನನ್ನ ಕೈ ನಿಂತಿತು. ಬೆಳಿಗ್ಗೆ ಎದ್ದವಳೇ ಪೆಟ್ಟಿಗೆ ಬಿಚ್ಚಿ ಹತ್ತನೇ ತರಗತಿಯ ವರ್ಷದ ದಿನಚರಿ ಹುಡುಕಿ ತೆಗೆದೆ. ಆಗಲೂ ಎಲ್ಲವನ್ನೂ ಎಣಿಸಿ ಬರೆದಿಡುತ್ತಿದ್ದೆ. ಆ ಅಭ್ಯಾಸದಿಂದ ಒಬ್ಬರಿಗೆ ಆದ ಕೇಡನ್ನು ಮಾತ್ರ ಈವರೆಗೆ ಎಲ್ಲೂ ಬರೆದಿಲ್ಲ.

ರಿಪ್ಪನ್‌ಪೇಟೆಯಲ್ಲಿ ಬಸ್ ನಿಲ್ಲುವ ಜಾಗದಿಂದ ಎರಡು ತಿರುವು ದಾಟಿದರೆ ನಮ್ಮ ಮನೆ. ಅದರ ಗೋಡೆಗೆ ತಾಗಿ ಅವರ ಅಂಗಡಿ. ಓಣಿಯ ಮಕ್ಕಳಿಗೆಲ್ಲ ಅವರು ಬಳೆ ಅತ್ತೆ. ಗಂಡ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ಸುತ್ತುತ್ತಿದ್ದರು, ಅಂಗಡಿ ಅತ್ತೆಯದು. ಅತ್ತೆಗೆ ಹೆಸರುಗಳು ನೆನಪಿರುತ್ತಿರಲಿಲ್ಲ, ಕೈಯ ಅಳತೆ ಮರೆಯುತ್ತಿರಲಿಲ್ಲ. "ಆ ಎರಡೂ ಆರು ಬಂದಿದ್ಲು, ಬಾಣಂತನ ಮುಗೀತಂತೆ" ಎನ್ನುತ್ತಿದ್ದರು. ನನ್ನ ಮಣಿಕಟ್ಟು ಸಣ್ಣದು. ಅದಕ್ಕೆ ನನ್ನನ್ನು ಕರೆಯುತ್ತಿದ್ದುದೇ "ಏ ಎರಡೂ ಎರಡು" ಎಂದು. ಚಾಪೆಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು, ಹೆಬ್ಬೆರಳಿನ ಬುಡವನ್ನು ಹಿಟ್ಟಿನ ಹಾಗೆ ಒತ್ತಿ, ನೋಯುವುದರೊಳಗೆ ಬಳೆ ದಾಟಿಸಿಬಿಡುತ್ತಿದ್ದರು. ತೊಟ್ಟವರು ಅತ್ತೆಗೆ ಕೈಮುಗಿದು ಏಳಬೇಕು, ಅದು ರೂಢಿ. ಹಾಗೆ ಮುಗಿಯುವಾಗ ಅವರ ತಲೆಯ ಮೇಲೆ ತೋರಣದಂತೆ ಸ್ಟಿಕ್ಕರ್ ಕಾರ್ಡುಗಳು ನೇತಾಡುತ್ತಿದ್ದವು. ಬಳೆಗಿಂತ ಅದರದೇ ವ್ಯಾಪಾರ ಹೆಚ್ಚು.

ಆ ವರ್ಷ ಅಕ್ಕನಿಗೆ ಗಂಡು ನೋಡುತ್ತಿದ್ದರು. ಜೂನಿನಲ್ಲಿ ಅವಳಿಗೆ ಹುಬ್ಬಿನ ನಡುವೆ ತುರಿಕೆ ಶುರುವಾಯಿತು. ಕೆಂಪಾಯಿತು, ಸಿಪ್ಪೆ ಎದ್ದಿತು. ಆಮೇಲೆ ಒಂದು ದಿನ ಸ್ನಾನ ಮಾಡಿ ಬಂದವಳ ಹಣೆಯಲ್ಲಿ ಬಿಳಿ ಚುಕ್ಕೆ ಕಂಡಿತು. ಅಮ್ಮ ಕದ ಹಾಕಿದಳು. ತೊನ್ನು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ, ಚುಕ್ಕೆ ಮುಚ್ಚುವಷ್ಟು ದೊಡ್ಡ ಸ್ಟಿಕ್ಕರ್. ತರಲು ಹೋಗುತ್ತಿದ್ದವಳು ನಾನು. ದಿನಚರಿಯಲ್ಲಿ ಇದೆ: ಜೂನಿನಲ್ಲಿ ಸಾಸಿವೆಯಷ್ಟು, ಆಗಸ್ಟಿನಲ್ಲಿ ಉದ್ದಿನಕಾಳಿನಷ್ಟು, ಅಕ್ಟೋಬರಿನಲ್ಲಿ ಕಡಲೆಯಷ್ಟು. ಮುಚ್ಚಿದಷ್ಟೂ ಬಿಳಿ ಅಗಲವಾಯಿತು. ಒಣಗಿದ ಎಲೆ ಸುರಿದು ಬೆಂಕಿ ಆರಿಸಲು ಹೋದವರ ಹಾಗೆ ನಾವು ಇನ್ನೂ ದೊಡ್ಡದನ್ನು ತಂದೆವು.

ನವೆಂಬರ್ ನಾಲ್ಕರ ಸಂಜೆ ನಾನು ಅದಕ್ಕಿಂತ ದೊಡ್ಡದನ್ನು ಕೇಳಿದಾಗ ಅತ್ತೆ ಕಾರ್ಡು ಕೀಳಲಿಲ್ಲ.

"ಯಾರಿಗೆ?"

"ಅಕ್ಕಂಗೆ."

"ನಿಮ್ಮಕ್ಕ ಸಾಸಿವೆ ಇಡೋಳು. ಈಗೆಂತ ಹಣೆಗೆ ರೊಟ್ಟಿ ತಟ್ಟಿಕೊಳ್ತಾಳಾ?"

ಅತ್ತೆ ಅಂಗಡಿಗೆ ಅರ್ಧ ಕದ ಎಳೆದು ನನ್ನ ಹಿಂದೆಯೇ ಬಂದರು. ಅಡುಗೆಮನೆಯಲ್ಲಿದ್ದ ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಅಮ್ಮ, "ಅತ್ತಿಗೆ, ಬೇಡ" ಎನ್ನುವಷ್ಟರಲ್ಲಿ ಬೆರಳಿಗೆ ತೆಂಗಿನೆಣ್ಣೆ ಅದ್ದಿ ಸ್ಟಿಕ್ಕರ್ ಬಿಡಿಸಿದ್ದರು. ಆ ವಾಸನೆ ಮೊದಲು ನನ್ನ ಮೂಗಿಗೆ ಬಂದದ್ದು ಆಗ.

ಅತ್ತೆ ಬಿಳಿಯ ಅಂಚಿನ ಸುತ್ತ ಬೆರಳಾಡಿಸಿದರು. ನಂತರ ಅದೇ ಎಣ್ಣೆ ಬೆರಳಿನಿಂದ ತಮ್ಮ ಹಣೆಯದನ್ನು ತೆಗೆದರು. ಗಂಡ ಇರುವ ಹೆಂಗಸು ಮುಸ್ಸಂಜೆಯಲ್ಲಿ, ಇನ್ನೊಬ್ಬರ ಮನೆಯಲ್ಲಿ, ಬೋಳು ಹಣೆ ತೋರಿಸುವುದಿಲ್ಲ. ಅಮ್ಮ ಮುಖ ತಿರುಗಿಸಿದಳು. ನಾನು ನೋಡಿದೆ. ಕಂಪಾಸಿನಲ್ಲಿ ಎಳೆದಷ್ಟು ದುಂಡಗೆ, ಬೆಳ್ಳಗೆ.

"ಏಳು ವರ್ಷ ಆಯ್ತು. ನಂದೂ ಅದೇ ಅಂತ ಮುಚ್ಚಿಟ್ಟಿದ್ದೆ" ಎಂದರು. "ತೊನ್ನಿಗೆ ಸ್ಟಿಕ್ಕರಿನ ಅಳತೆ ಹೆಂಗೆ ಗೊತ್ತಾಗ್ತದೆ ಮಾರಾಯ್ತಿ? ಇದು ಅಂಟಿಂದು. ನಾನೇ ಮಾರಿದ್ದು."

ಮರುವಾರ ಅಮ್ಮ, ಅಕ್ಕ, ಅತ್ತೆ, ನಾನು ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ಹೋದೆವು. ಕೆಲವು ಸ್ಟಿಕ್ಕರುಗಳ ಅಂಟಿನಲ್ಲಿ ಇರುವ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತದೆ ಎಂದರು. ಎಲ್ಲರಿಗೂ ಆಗುವುದಿಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ತಿಳಿಯುವುದೂ ಇಲ್ಲ. ಈಗಲೇ ಬಿಟ್ಟರೆ ಅಕ್ಕನದು ನಿಧಾನವಾಗಿ ತುಂಬಬಹುದು. ಅತ್ತೆಯದು ಹಳೆಯದು, ಹೇಳಲಾಗದು. "ನಿಜವಾದ ತೊನ್ನೇ ಆಗಿದ್ರೂ ಅದು ಮುಟ್ಟಿದ್ರೆ ಬರೋದಲ್ಲ, ಹೆದರಿಕೊಳ್ಳೋಕೆ ಎಂತದೂ ಇಲ್ಲ" ಎಂದೂ ಹೇಳಿದರು. ಅಮ್ಮ ತಲೆ ಆಡಿಸಿದಳು. ನಂಬಿದಂತೆ ಕಾಣಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತವರು, ಎದ್ದರು, ಮತ್ತೆ ಕೂತರು. ಆಯನೂರು ದಾಟಿದ ಮೇಲೆ ಕೇಳಿದರು.

"ನೀನು ಎಲ್ಲ ಲೆಕ್ಕ ಇಡ್ತೀಯಲ್ಲ. ನಾನು ಇಷ್ಟು ವರ್ಷದಲ್ಲಿ ಎಷ್ಟು ಹಣೆಗೆ ಮಾರಿರಬಹುದು?"

ನಾನು ನಿಜವಾಗಿಯೂ ಗುಣಿಸತೊಡಗಿದೆ. ಅತ್ತೆ ನನ್ನ ಕೈ ಹಿಡಿದು, "ಬೇಡ, ಬಿಡು" ಎಂದರು.

ಮಾರನೆಯ ದಿನ ತೋರಣ ಇಳಿಯಿತು. ತಿಂಗಳಿಗೊಮ್ಮೆ ಮಾಲು ಹಾಕಲು ಬರುವ ಲೈನ್ ಗಾಡಿಯವನಿಗೆ ಅತ್ತೆ ಕಾರ್ಡುಗಳ ರಾಶಿಯನ್ನೇ ತೋರಿಸಿ, ಅಂಟಿಗೆ ಎಂತ ಹಾಕ್ತಾರೆ ಹೇಳು ಎಂದರು. ಅವನು ನಕ್ಕ. "ಅಮ್ಮ, ನಾನು ಸಾಗರಕ್ಕೂ ಹಾಕ್ತೀನಿ, ತೀರ್ಥಹಳ್ಳಿಗೂ ಹಾಕ್ತೀನಿ. ನಿಮ್ಮೂರ ಹಣೆ ಮಾತ್ರ ಬೇರೆ ಮಣ್ಣಾ?"

"ಬೇರೆ ಊರೋರು ಸ್ಟಿಕ್ಕರ್ ತೆಗೆದು ತೋರಿಸಿದಾರಾ ನಿಂಗೆ?" ಎಂದರು ಅತ್ತೆ. ಅವನು ಹಿಂದಕ್ಕೆ ಪಡೆಯಲಿಲ್ಲ. ಅಷ್ಟನ್ನೂ ಅತ್ತೆ ಹಿತ್ತಿಲಲ್ಲಿ ಗುಂಡಿ ತೆಗೆಸಿ ಹೂಳಲು ಹೊರಟಾಗ, ಪಕ್ಕದಲ್ಲೇ ಬಾವಿ ಇದೆ ಎಂದು ನಾನು ಹೇಳಿದೆ. ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ಎಸೆಯಲೂ ಜಾಗವಿಲ್ಲದ ವಸ್ತು.

ಆಮೇಲೆ ಶುರುವಾದದ್ದು ಹಣೆಯ ತಪಾಸಣೆ. ಅತ್ತೆಯ ಕ್ರಮ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಬಳೆ ಹೆಬ್ಬೆರಳಿನ ಗಂಟಿನ ಮೇಲೆ ಬಂದು ಬಿಗಿಯಾದಾಗ ಕೈ ಕೊಟ್ಟವಳು ಏಳುವಂತಿಲ್ಲ, ಎಳೆದುಕೊಳ್ಳುವಂತಿಲ್ಲ. ಸರಿಯಾಗಿ ಆಗ ಕೇಳುತ್ತಿದ್ದರು: "ಹಣೆ ತುರಿಸ್ತದನೆ? ಒಂಚೂರು ತೆಗಿ ನೋಡಣ." ಕೆಲವರು ಬೈದರು. "ಬಳೆ ಹಾಕು ಅಂದ್ರೆ ಬೊಟ್ಟು ತೆಗಿ ಅಂತೀಯಲ್ಲ, ಹುಚ್ಚಾ ನಿಂಗೆ?" ಅತ್ತೆ ತಮ್ಮದನ್ನು ತೋರಿಸುತ್ತಿದ್ದರು. ಆಗ ಅವರು ಬಾಗಿಲ ಕಡೆ ನೋಡಿ, ತೆಗೆಯುತ್ತಿದ್ದರು.

ನಾನು ಶಾಲೆ ಬಿಟ್ಟ ಮೇಲೆ ಒಳಗೆ, ಪರದೆಯ ಹಿಂದೆ ಕೂತು ಬರೆದುಕೊಳ್ಳುತ್ತಿದ್ದೆ. ಅತ್ತೆಗೆ ಸಹಿ ಬಿಟ್ಟರೆ ಬರವಣಿಗೆ ಬಾರದು. ಮೊದಲ ದಿನವೇ ಹೇಳಿದ್ದರು: "ಹೆಸರು ಬರಿಬೇಡ. ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳಿ, ಸಾಕು. ಗುರುತು ಇದ್ದೋರಿಗೆ ಅಡ್ಡ ಗೆರೆ."

ಹೆಸರಿಲ್ಲದ ಲೆಕ್ಕ ನನಗೆ ಲೆಕ್ಕವೆನಿಸಲಿಲ್ಲ. ಒಬ್ಬರನ್ನೇ ಎರಡು ಸಲ ಎಣಿಸಿದರೆ? ನಾನು ಐದು ಅಂಕಣ ಹಾಕಿದೆ. ದಿನಾಂಕ, ಹೆಸರು, ಸ್ಟಿಕ್ಕರಿನ ಆಕಾರ, ಎಷ್ಟು ವರ್ಷದಿಂದ, ಬಿಳಿ ಇದೆಯೋ ಇಲ್ಲವೋ. ಇಪ್ಪತ್ತಾರು ದಿನದಲ್ಲಿ ಅರವತ್ತೊಂದು ಜನ. ಗುರುತು ಒಂಬತ್ತು ಜನಕ್ಕೆ. ಉದ್ದನೆಯ ಬೊಟ್ಟು ಇಡುವ ಒಬ್ಬರಿಗೆ ಗುರುತೂ ಉದ್ದಕ್ಕೇ ಇತ್ತು. ಒಂಬತ್ತರಲ್ಲಿ ಐವರು ನಮ್ಮ ಹಾಗೆಯೇ ದೊಡ್ಡದರಿಂದ ಮುಚ್ಚುತ್ತಿದ್ದರು. ಮೂವರು ಗಂಡನಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನ. ನನ್ನ ವಿಷಯ, ದಿನಬಳಕೆಯ ವಸ್ತುಗಳಲ್ಲಿ ವಿಷ. ಚಾರ್ಟಿನಲ್ಲಿ ಅಂಕಿ ಮಾತ್ರ ಬರೆದಿದ್ದೆ. ಆದರೆ ನೋಡಲು ಬಂದ ಒಬ್ಬರು, "ಇದನ್ನೆಲ್ಲ ನೀನೇ ಕಟ್ಟಿದ್ದೋ, ನಿಜವಾಗ್ಲೂ ಕೇಳಿದ್ದೋ?" ಎಂದು ಹಂಗಿಸಿದರು. ನನಗೆ ತಡೆಯಲಾಗಲಿಲ್ಲ. ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟೆ. ಸಂಜೆಯವರೆಗೂ ಅದು ಹಾಗೆಯೇ ಬಿಚ್ಚಿಕೊಂಡಿತ್ತು. ಬಂದವರೆಲ್ಲ ಬೆರಳಿಟ್ಟು ಓದಿದರು... ಅದನ್ನು ನಾನು ಮೆಚ್ಚುಗೆಯೆಂದು ತಿಳಿದಿದ್ದೆ.

ಪಟ್ಟಿಯ ಏಳನೆಯ ಹೆಸರು, ಬಿಳಿ ಇದೆ ಎಂದು ಬರೆದದ್ದು, ಒಬ್ಬ ಹುಡುಗಿಯದು. ಹೊಸನಗರದ ಕಡೆ ಅವಳ ಮದುವೆ ಮಾತಾಗಿತ್ತು. ಮೂರು ದಿನದಲ್ಲಿ ಆ ಕಡೆಯವರು, ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು.

ಅವಳ ತಾಯಿ ಅಂಗಡಿಗೆ ಬಂದಾಗ ನಾನು ಪರದೆಯ ಹಿಂದೆಯೇ ಇದ್ದೆ. ತೊಡೆಯ ಮೇಲೆ ಅದೇ ಪುಸ್ತಕ.

"ನಂಬಿ ನಿನ್ನ ಮುಂದೆ ಕೈ ಚಾಚಿದ್ವಿ. ನೀನು ನಮ್ಮ ಮಗಳ ಹಣೆಬರಹ ಬರೆದು ಊರಿಗೆ ಹಂಚಿದೆ" ಎಂದರು. ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಮತ್ತೆ ನಾಲ್ಕು ಜನ ಇದ್ದರು.

ಅತ್ತೆಗೆ ಆಗಷ್ಟೇ ತಿಳಿಯಿತು, ನಾನು ಹೆಸರು ಬರೆದಿದ್ದೇನೆಂದು. ಪರದೆಯ ಕಡೆ ಒಮ್ಮೆ ತಿರುಗಿದರು. ಅವರ ಕಣ್ಣು ನನಗೆ ಕಂಡಿತು. ಎದ್ದು ಹೋಗಿ ನಾನು ಬರೆದದ್ದು ಎನ್ನಬೇಕಿತ್ತು. ಎರಡು ಹೆಜ್ಜೆ. ನಾನು ಏಳಲಿಲ್ಲ.

"ತಪ್ಪಾಯ್ತು" ಎಂದರು ಅತ್ತೆ. "ನಾನೇ ಬರೆಸಿದ್ದು. ಮಕ್ಕಳಿಗೆ ಎಂತ ಗೊತ್ತಾಗ್ತದೆ."

"ಅದೇ ಬಾಯಲ್ಲಿ, ಮಾರಿದ್ದೂ ನಾನೇ ಅಂತ ಹೇಳು" ಎಂದರು ಆ ತಾಯಿ.

"ಮಾರಿದ್ದೂ ನಾನೇ."

ಅವರೆಲ್ಲ ಹೋದ ಮೇಲೆ ಅತ್ತೆ ಪರದೆ ಸರಿಸಿದರು. ಬೈಯುತ್ತಾರೆಂದು ಕಾದೆ. "ಆ ಪುಟ ಹರಿದು ಒಲೆಗೆ ಹಾಕು. ಆದ್ರೆ ಎಷ್ಟು ಜನ ಅನ್ನೋದು ಮರಿಬೇಡ" ಎಂದಷ್ಟೇ ಹೇಳಿದರು. ನಾನು ಪುಟಗಳನ್ನು ಸುಟ್ಟೆ. ಅಮ್ಮನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಆ ದಿನದ ದಿನಚರಿಯಲ್ಲಿ, ಶಾಲೆಗೆ ಹೋದೆ, ಮಳೆ ಇಲ್ಲ, ಎಂದು ಮಾತ್ರ ಇದೆ.

ಅಂಗಡಿಗೆ ಬರುವವರು ಕಡಿಮೆಯಾದರು. ಬಳೆ ಅತ್ತೆಯ ಕೈಯಿಂದ ತೊಟ್ಟರೆ ತೊನ್ನು ಹತ್ತುತ್ತದೆ ಎಂಬ ಮಾತು ಯಾವಾಗಲೋ ಹುಟ್ಟಿಕೊಂಡಿತು. ಫೆಬ್ರವರಿಯಲ್ಲಿ ನಾನು ಎಣಿಸಿದ್ದೇನೆ, ಒಂದು ಸಂತೆಯ ದಿನ ಇಬ್ಬರು. ಒಬ್ಬರು ವಿಳಾಸ ಕೇಳಲು ಬಂದವರು. ಅತ್ತೆ ಹಣೆಗೆ ಏನೂ ಅಂಟಿಸದೆ, ಅರಿಸಿನದ ಕುಂಕುಮ ಒಂದು ಗೆರೆ ಎಳೆದು ಕೂರುತ್ತಿದ್ದರು. ಬಿಳಿ ಪೂರಾ ಕಾಣುತ್ತಿತ್ತು. ಮಳೆಗಾಲಕ್ಕೆ ಮುಂಚೆ, ನಾನು ಪರೀಕ್ಷೆ ಮುಗಿಸಿ ಅಜ್ಜಿಯ ಮನೆಗೆ ಹೋಗಿದ್ದಾಗ, ಅಂಗಡಿ ಖಾಲಿ ಮಾಡಿ ಹೋದರು.

ಅಕ್ಕನ ಹಣೆ ಒಂದೂವರೆ ವರ್ಷದಲ್ಲಿ ತುಂಬಿಕೊಂಡಿತು. ಅವಳು ಈಗ ತೀರ್ಥಹಳ್ಳಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಏಳನೆಯ ಹೆಸರಿನ ಹುಡುಗಿಗೆ ಮುಂದೆ ಏನಾಯಿತೆಂದು ನಾನು ಕೇಳಿಲ್ಲ. ಕೇಳಬಹುದಿತ್ತು, ಕೇಳಿಲ್ಲ.

ಅತ್ತೆಯನ್ನು ಮಾತ್ರ ಹುಡುಕುತ್ತಿದ್ದೇನೆ. ಕೆಲಸಕ್ಕೆಂದು ಊರೂರು ಹೋಗುವಾಗ ಬಳೆ ಅಂಗಡಿ ಕಂಡರೆ ಒಳಗೆ ಹೋಗುತ್ತೇನೆ. ಸಾಗರದಲ್ಲಿ ಆರು, ಹೊಸನಗರದಲ್ಲಿ ಮೂರು, ತೀರ್ಥಹಳ್ಳಿಯಲ್ಲಿ ಐದು, ಸಿಗಂದೂರು ದೇವಸ್ಥಾನದ ಅಂಗಡಿ ಸಾಲಿನಲ್ಲಿ ಎಂಟು. ಹೋದಲ್ಲೆಲ್ಲ ಸ್ಟಿಕ್ಕರ್ ಕಾರ್ಡನ್ನು ಮಗುಚಿ ಹಿಂದೆ ಓದುತ್ತೇನೆ. ಇಪ್ಪತ್ತೆರಡು ಅಂಗಡಿಯಲ್ಲಿ ಮೂವತ್ತನಾಲ್ಕು ಬಗೆಯ ಕಾರ್ಡು ನೋಡಿದ್ದೇನೆ. ದೇವಿಯ ಚಿತ್ರ ಇದೆ, ಬೆಲೆ ಇದೆ. ಅಂಟಿನಲ್ಲಿ ಏನಿದೆ ಎಂಬುದು ಒಂದರಲ್ಲೂ ಇಲ್ಲ. ಬಾಯಿಗೆ ಹಾಕುವ ಬಿಸ್ಕತ್ತಿಗೆ ಇರುವ ನಿಯಮ ದಿನವಿಡೀ ಚರ್ಮಕ್ಕೆ ಕಚ್ಚಿಕೊಂಡಿರುವ ಅಂಟಿಗೆ ಯಾಕಿಲ್ಲ ಎಂದು ಅಂಗಡಿಯವರನ್ನು ಕೇಳಿದರೆ ಅವರು ನನ್ನ ಹಣೆ ನೋಡುತ್ತಾರೆ.

ಅತ್ತೆಯ ವಿಷಯ ಕೇಳಿದರೆ ಒಬ್ಬರು, ಮಗಳ ಮನೆಗೆ ಹೋದರಂತೆ ಎನ್ನುತ್ತಾರೆ. ಇನ್ನೊಬ್ಬರು, ತೀರಿಕೊಂಡು ಎರಡು ವರ್ಷವಾಯಿತಲ್ಲ ಎನ್ನುತ್ತಾರೆ. ಎರಡನೆಯದು ನಿಜವಾದರೆ ನಾನು ತಡಮಾಡಿದ್ದೇನೆ. ಅದನ್ನು ಸರಿಪಡಿಸುವ ಲೆಕ್ಕ ನನ್ನ ಹತ್ತಿರ ಇಲ್ಲ.

ಈಗ ಹತ್ತೂವರೆ. ಓದಿದವರಲ್ಲಿ ಯಾರಿಗಾದರೂ ರಿಪ್ಪನ್‌ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ, ಹಣೆಯಲ್ಲಿ ದುಂಡನೆಯ ಬಿಳಿ ಗುರುತಿರುವ ಹೆಂಗಸೊಬ್ಬರು ಗೊತ್ತಿದ್ದರೆ ಈ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿ. ಅವರು ನಿಮ್ಮ ಪಕ್ಕದಲ್ಲೇ ಇದ್ದರೆ ಓದಿ ಹೇಳಿ: ಹೆಸರು ಬರೆದವಳು ನಾನು, ಮೇಜಿನ ಮೇಲೆ ಬಿಚ್ಚಿಟ್ಟವಳೂ ನಾನು. ಮತ್ತೆ, ನಿಮ್ಮ ಹಣೆಯಲ್ಲೂ ಅಂಥದ್ದೊಂದು ಗುರುತಿದ್ದರೆ ಅದನ್ನೂ ಬರೆಯಿರಿ. ಎಷ್ಟು ವರ್ಷ ಇಟ್ಟಿರಿ, ಯಾವ ಆಕಾರದ್ದು, ಮೊದಲು ತುರಿಕೆ ಇತ್ತೋ ಇಲ್ಲವೋ, ಅಷ್ಟು ಸಾಕು. ನಾನು ಗೆರೆ ಎಳೆದುಕೊಳ್ಳುತ್ತೇನೆ. ನಿಮ್ಮ ಹೆಸರು ಬರೆಯಬೇಡಿ.