ಕಟ್ಟೆಯ ಮೇಲಿನ ಚಹಾ

ಚಹಾ ಕುಡಿಸಿದವರ ಜೊತೆ ಜಗಳವಾಡುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಯಡೂರಿನ ಆಚೆ ಕೃಷ್ಣೆಯ ದಂಡೆಗಿರುವ ನಮ್ಮ ಇಡೀ ಊರಿಗೇ ಒಲಿದಿಲ್ಲ ಬಿಡಿ. ಸ್ವಲ್ಪ ಮಂದಿ ಬಹಳ ಮಂದಿಯನ್ನು ಆಳುವುದು ಹೇಗೆಂದು ಬಲ್ಲವರು ದಪ್ಪ ಪುಸ್ತಕ ಬರೆದಿದ್ದಾರಂತೆ. ಕತ್ತಿ, ಖಜಾನೆ, ಕಾಯ್ದೆ ಎಂದೆಲ್ಲ ಕಾರಣ ಕೊಟ್ಟಿದ್ದಾರಂತೆ. ಚಹಾ ಸುರಿದು ಕುಡಿಯುವ ಬಶಿಯ ಹೆಸರನ್ನು ಯಾರಾದರೂ ಎತ್ತಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ನಮ್ಮಲ್ಲಿ ನದಿಯ ನೀರು ಒಂದೇ ಪೈಪಿನಲ್ಲಿ ಎಲ್ಲರ ಕಬ್ಬಿಗೂ ಹೋಗಬೇಕು. ರೈತರು ಊರು ತುಂಬ. ವಾಲ್ವಿನ ಕೀಲಿ ಮಾತ್ರ ಪಂಪಿನ ಮನೆಯ ಕಟ್ಟೆಯ ಮೇಲೆ ಕೂತ ಮೂವರು ಹಿರಿಯರ ಬಳಿ. ಅವರನ್ನು ಯಾರೂ ಆರಿಸಿಲ್ಲ. ಅವರು ಕೂತಿದ್ದರು, ನಾವು ನಿಂತಿದ್ದೆವು, ಅಷ್ಟೆ. ನೀರಿನ ಪಾಳಿ ಕೇಳಲು ಹೋದರೆ ಅವರು ಎಂದೂ ಇಲ್ಲ ಎಂದವರಲ್ಲ. ಅವರಲ್ಲಿ ಹಿರಿಯರಾದ ಬಾಳಪ್ಪ ತಾತ್ಯಾ ಥರ್ಮಾಸ್ ಬಗ್ಗಿಸಿ, ಬಶಿ ತುಂಬಿ ಕೈಗಿಟ್ಟು, "ಮೊದಲ ಚಹಾ ತಗೋರಿ, ನೋಡೂಣಂತ" ಎನ್ನುವರು. ಬಿಸಿ ಬಶಿ ಹಿಡಿದವನಿಗೆ ಕೈಬೀಸಿ ಮಾತಾಡಲು ಬರುವುದಿಲ್ಲ. ಕುಡಿದಾದ ಮೇಲೆ ಬಾಯಿಯೇ ಏಳುವುದಿಲ್ಲ.

ಬೀಗ ಒಡೆಯಲು ಒಂದು ಕಲ್ಲು ಸಾಕಿತ್ತು. ಎಷ್ಟೋ ಸಲ ನಾವು ಸಭೆ ಕರೆದದ್ದೂ ಉಂಟು. ಆದರೆ ಮೂವರು ಒಂದಾಗಲು ಕಣ್ಸನ್ನೆ ಸಾಕು. ಊರು ಒಂದಾಗಲು ಜಮಖಾನೆ ಹಾಸಬೇಕು, ಹಾಸುವವರು ಯಾರೆಂದು ಮೊದಲು ಜಗಳವಾಡಬೇಕು. ಅದೂ ಅಲ್ಲದೆ, ಬೀಗ ಹೋದರೆ ಬಾಜೂ ಹೊಲದವನು ತನಗಿಂತ ಮೊದಲು ನೀರು ಹಾಯಿಸಿಕೊಂಡಾನೆಂಬ ಹೆದರಿಕೆ ಒಬ್ಬೊಬ್ಬನಿಗೂ. ಕಟ್ಟೆಯವರ ಮೇಲಿನ ಸಿಟ್ಟಿಗಿಂತ ಅದೇ ದೊಡ್ಡದು. ನಮ್ಮ ಅಜ್ಜಿ ಹೇಳುತ್ತಿದ್ದಳು: "ಹಿಂಡಿನ್ಯಾಗ ಗಂಟಿ ಕಟ್ಟಿದ್ದು ಒಂದ ಕುರಿ. ಉಳಿದಾವಕ್ಕ ಸಪ್ಪಳ ಸಾಕು."

ಈ ಬೇಸಿಗೆಯಲ್ಲಿ ನನ್ನ ಅಕ್ಕ ಸುಶೀಲಾಳ ಎಳೆ ಕಬ್ಬು ಸುರುಳಿ ಸುತ್ತತೊಡಗಿತು. ಪೈಪಿನ ತುತ್ತತುದಿಗೆ ಅವಳ ಹೊಲ; ಪಾಳಿ ಬರುವಷ್ಟರಲ್ಲಿ ಬೆಳೆ ಸುಟ್ಟೇ ಹೋಗುತ್ತಿತ್ತು. ನನ್ನನ್ನು ಬೆಂಬಲಕ್ಕೆ ಕರೆದುಕೊಂಡು ಕಟ್ಟೆಗೆ ಹೋದಳು. ಬೆಂಬಲ ವಾಡಿಕೆಯಂತೆ ಬಶಿ ಹಿಡಿಯಿತು. ಅವಳು ಸೆರಗು ಬಿಗಿದು ನಿಂತೇ ಇದ್ದಳು.

"ಚಹಾ ಒಲ್ಲೆರಿ ತಾತ್ಯಾ. ನೀರು ಬಿಡ್ರಿ."

ಚಹಾ ಬೇಡವೆಂದವರಿಗೆ ಏನು ಹೇಳಬೇಕೆಂಬುದನ್ನು ಆ ಮೂವರಿಗೆ ಯಾರೂ ಕಲಿಸಿರಲಿಲ್ಲ. ತಾತ್ಯಾ ಥರ್ಮಾಸಿನ ಮುಚ್ಚಳ ತಿರುವಿದರು, ಮತ್ತೆ ತಿರುವಿದರು. ಕೊನೆಗೆ ಎದ್ದು ಹೋಗಿ ವಾಲ್ವನ್ನೇ ತಿರುವಿದರು. ಸಂಜೆಯೊಳಗೆ ಅಕ್ಕನ ಕಬ್ಬಿನ ಬುಡ ತೊಯ್ದಿತ್ತು. ಊರಿಗೆ ಊರೇ ಅವಳನ್ನು ಹೊಗಳಿತು. ಹಿರಿಯರು ಹೊಗಳಲಿಲ್ಲ, ಅವಳನ್ನು ಕರೆದು, ತಾವು ಸರಿದು ಕೂತು, ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. "ನಿನ್ನಂಥಾಕಿ ಕೆಳಗ ನಿಂದ್ರಬಾರದವ್ವಾ, ಬಸಾ" ಎಂದರಂತೆ ತಾತ್ಯಾ, ಕೂಡ್ರು ಎಂಬುದನ್ನಷ್ಟೇ ಮರಾಠಿಯಲ್ಲಿ.

ಮೊನ್ನೆ ನನ್ನ ಕಬ್ಬೂ ಒಣಗತೊಡಗಿತು. ದಾರಿಯುದ್ದಕ್ಕೂ ಅಕ್ಕನ ಆ ಮಾತನ್ನೇ ಬಾಯಿಪಾಠ ಮಾಡುತ್ತ ಹೋದೆ. ಕಟ್ಟೆಯ ಮೇಲೆ ಈಗ ನಾಲ್ವರು. ಕೀಲಿ ಅಕ್ಕನ ಸೊಂಟದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅವಳು ಬಶಿ ತುಂಬಿ ಕೈಗಿಟ್ಟಳು.

"ಮೊದಲ ಚಹಾ ತಗೋ ತಮ್ಮಾ. ನೋಡೂಣಂತ."

ಕುಡಿದೆ. ಎಷ್ಟೆಂದರೂ ಒಡಹುಟ್ಟಿದವಳು, ತಾತ್ಯಾ ಕೊಡುತ್ತಿದ್ದುದಕ್ಕಿಂತ ಸಕ್ಕರೆ ಒಂದಿಷ್ಟು ಹೆಚ್ಚೇ ಹಾಕಿದ್ದಳು.